ಕರಡು ಬಂದಾಗಲೇ ಬರೆಯಿರಿ: ಮುಂಬಯಿ ಪಾಲಿಕೆಯ ನಿಯಮ ಬದಲಾಗುವ ದಾರಿ

2025ರ ಏಪ್ರಿಲ್ 1ರಂದು ಮುಂಬಯಿ ಮಹಾನಗರ ಪಾಲಿಕೆ ಕಸ ನಿರ್ವಹಣೆಯ ಹೊಸ ಉಪವಿಧಿಗಳ ಕರಡು ಪ್ರಕಟಿಸಿತು. 50 ಚದರ ಮೀಟರಿನವರೆಗಿನ ಮನೆಗೆ ತಿಂಗಳಿಗೆ 100 ರೂಪಾಯಿ, ಅದಕ್ಕಿಂತ ದೊಡ್ಡದಾಗಿ 300 ಚದರ ಮೀಟರಿನೊಳಗಿದ್ದರೆ 500, ಅದನ್ನೂ ಮೀರಿದರೆ 1,000 ರೂಪಾಯಿ ಕಸದ ಶುಲ್ಕ ಎಂದು ಅದರಲ್ಲಿತ್ತು. ಬೀದಿಯಲ್ಲಿ ಕಸ ಎಸೆದವರ ದಂಡವನ್ನು 200ರಿಂದ 500 ರೂಪಾಯಿಗೆ ಏರಿಸುವ ಪ್ರಸ್ತಾಪವೂ ಇತ್ತು. ಸಲಹೆ, ಆಕ್ಷೇಪ ಕಳಿಸಲು ಮೇ 31ರವರೆಗೆ ಅವಕಾಶ ಕೊಟ್ಟಿದ್ದರು.

ಇಂಥ ಸುದ್ದಿ ಬಂದಾಗ ನಮ್ಮ ಸೊಸೈಟಿಗಳಲ್ಲಿ, ಚಾಳುಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ಮುಂದಿನ ತಿಂಗಳಿಂದ ಕಸಕ್ಕೂ ದುಡ್ಡು ಕಟ್ಟಬೇಕಂತೆ” ಎಂದು ಒಬ್ಬರು. “ಚುನಾವಣೆ ಹತ್ತಿರ ಬರಲಿ ಬಿಡಿ, ಎಲ್ಲ ತಣ್ಣಗಾಗುತ್ತದೆ” ಎಂದು ಇನ್ನೊಬ್ಬರು. ಮೊದಲನೆಯವರಿಗೆ ಅದು ಆಗಲೇ ಕಾನೂನು, ಎರಡನೆಯವರಿಗೆ ಅದು ಬರೀ ಗಾಳಿಮಾತು. ಇಬ್ಬರೂ ಪಾಲಿಕೆಗೆ ಒಂದು ಸಾಲು ಬರೆಯುವುದಿಲ್ಲ. ಕೊನೆಯ ತಾರೀಖು ದಾಟಿದ ಮೇಲೆ ಬೈಗುಳ ಶುರುವಾಗುತ್ತದೆ.

ಪಾಲಿಕೆಯ ನಿಯಮ ಕಲ್ಲಿನ ಮೇಲೆ ಕೊರೆದದ್ದಲ್ಲ. ಅದು ತಿದ್ದುಪಡಿಯಾಗುತ್ತಲೇ ಇರುತ್ತದೆ. ಆದರೆ ಜನರ ಮಾತನ್ನು ಕಡತದೊಳಗೆ ಸೇರಿಸಲೇಬೇಕಾದ ಕಾಲ ಬಹಳ ಚಿಕ್ಕದು: ಕರಡು ಹೊರಬಂದ ದಿನದಿಂದ ಸಲಹೆಯ ಗಡುವಿನವರೆಗೆ. ಆಂಟಾಪ್ ಹಿಲ್, ವಡಾಲಾ, ಸಾಯನ್, ಮಾಟುಂಗಾ ಭಾಗದಲ್ಲಿ ಬಾಳುವ ಕನ್ನಡಿಗರು ಆ ಕಾಲವನ್ನು ಹೇಗೆ ಹಿಡಿಯಬಹುದು ಎಂಬುದಕ್ಕೆ ಈ ಬರಹ.

ಯಾವುದು ಯಾರ ಕೈಯಲ್ಲಿ

“ಪಾಲಿಕೆಯ ರೂಲು” ಎಂದು ನಾವು ಒಟ್ಟಿಗೆ ಕರೆಯುವುದರಲ್ಲಿ ನಾಲ್ಕು ಪದರಗಳಿವೆ. ತಪ್ಪು ಪದರಕ್ಕೆ ಅರ್ಜಿ ಹಾಕಿದರೆ ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ.

ಎಲ್ಲಕ್ಕೂ ಮೇಲಿರುವುದು 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆ. ಫಿರೋಜ್‌ಶಾ ಮೆಹ್ತಾ ಅವರ ಕಾಲದ ಈ ಕಾಯ್ದೆಯೇ ನೂರಾರು ತಿದ್ದುಪಡಿಗಳೊಂದಿಗೆ ಇಂದಿಗೂ ಮುಂಬಯಿಯನ್ನು ಆಳುತ್ತಿದೆ. ಇದನ್ನು ತಿದ್ದುವ ಅಧಿಕಾರ ಮಹಾರಾಷ್ಟ್ರದ ವಿಧಾನ ಮಂಡಲಕ್ಕೆ ಮಾತ್ರ. 500 ಚದರ ಅಡಿಯವರೆಗಿನ ಮನೆಗಳಿಗೆ 2022ರ ಜನವರಿಯಿಂದ ಸಿಕ್ಕಿದ ಆಸ್ತಿ ತೆರಿಗೆ ವಿನಾಯಿತಿ ಈ ಪದರದ್ದು. ಅದು ರಾಜ್ಯ ಸರಕಾರದ ತೀರ್ಮಾನ. ಅದನ್ನು 700 ಅಡಿಗೆ ಏರಿಸಿ ಎಂದು ವಾರ್ಡ್ ಆಫೀಸಿಗೆ ಮೊರೆಯಿಟ್ಟು ಫಲವಿಲ್ಲ, ನಿಮ್ಮ ಆಮದಾರರನ್ನು ಹಿಡಿಯಬೇಕು.

ಎರಡನೆಯದು ಉಪವಿಧಿ. ಕಾಯ್ದೆಯ 461ನೆಯ ಕಲಮು ಪಾಲಿಕೆಗೆ ಉಪವಿಧಿ ಮಾಡುವ ಅಧಿಕಾರ ಕೊಟ್ಟಿದೆ. ಕಂಡಲ್ಲಿ ಉಗುಳಿದರೆ 200 ರೂಪಾಯಿ ದಂಡ ಗೊತ್ತುಮಾಡಿದ 2006ರ ಸ್ವಚ್ಛತೆಯ ಉಪವಿಧಿಗಳು ಹೀಗೆ ಹುಟ್ಟಿದವು. ಉಪವಿಧಿಗೆ ಮೊದಲು ಕರಡಾಗಬೇಕು, ಸಾರ್ವಜನಿಕ ಸೂಚನೆ ಹೊರಡಬೇಕು, ಬರವಣಿಗೆಯಲ್ಲಿ ಬಂದ ಆಕ್ಷೇಪಗಳನ್ನು ಪಾಲಿಕೆ ಪರಿಶೀಲಿಸಬೇಕು, ಅದಾದ ಮೇಲೆ ರಾಜ್ಯ ಸರಕಾರ ಮಂಜೂರು ಮಾಡಬೇಕು. ನಾಲ್ಕು ಪದರಗಳಲ್ಲಿ ನಮ್ಮಂಥವರಿಗೆ ಹೆಚ್ಚು ತೆರೆದಿರುವುದು ಇದೇ.

ಮೂರನೆಯದು ನೀತಿ. ಮರಾಠಿಯಲ್ಲಿ ಧೋರಣ ಎನ್ನುತ್ತಾರೆ. ಸಭಾಗೃಹದಲ್ಲೋ ಸ್ಥಾಯಿ ಸಮಿತಿಯಲ್ಲೋ ಠರಾವಿನ ಮೂಲಕ ಒಪ್ಪಿಗೆ ಪಡೆಯುವಂಥದ್ದು. ಇದು ಒಮ್ಮೆ ಪಾಸಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ನೀರಿನ ದರವನ್ನೇ ನೋಡಿ. ವರ್ಷಕ್ಕೆ ಗರಿಷ್ಠ ಶೇ. 8ರವರೆಗೆ ದರ ಏರಿಸುವ ಅಧಿಕಾರವನ್ನು ಸ್ಥಾಯಿ ಸಮಿತಿ 2012ರಲ್ಲೇ ಆಡಳಿತಕ್ಕೆ ಕೊಟ್ಟಿತು. ಅಲ್ಲಿಂದೀಚೆಗೆ ಜೂನ್ 16ರಿಂದ ಹೊಸ ದರ ಎಂಬ ಸುದ್ದಿ ಬಂದಾಗಲೆಲ್ಲ ಜನ ಆ ವರ್ಷದ ಏರಿಕೆಯ ಮೇಲೆ ಸಿಟ್ಟಾಗುತ್ತಾರೆ. ಬದಲಾಗಬೇಕಾದದ್ದು 2012ರ ಠರಾವು. ಆ ಠರಾವಿನ ಹೆಸರೆತ್ತದ ಮನವಿ ಒಂದು ವರ್ಷದ ಏರಿಕೆಯನ್ನು ತಡೆಯಬಹುದು, ಮುಂದಿನ ವರ್ಷದ್ದನ್ನಲ್ಲ.

ಕೊನೆಯದು ಪರಿಪತ್ರಕ, ಅಂದರೆ ಆಯುಕ್ತರೋ ಇಲಾಖೆಯ ಮುಖ್ಯಸ್ಥರೋ ಹೊರಡಿಸುವ ಸುತ್ತೋಲೆ. ಇದಕ್ಕೆ ಕರಡೂ ಇಲ್ಲ, ಗಡುವೂ ಇಲ್ಲ. ಒಂದು ಸಹಿಯಿಂದ ಬರುತ್ತದೆ, ಇನ್ನೊಂದು ಸಹಿಯಿಂದ ಹೋಗುತ್ತದೆ. ನಿಮ್ಮ ದೂರು ಸುತ್ತೋಲೆಯ ಮೇಲಿದ್ದರೆ ಆ ಇಲಾಖೆಯ ಅಧಿಕಾರಿಯನ್ನು ನೇರವಾಗಿ ಕಾಣುವುದೇ ವಾಸಿ.

ಹಳೆಯ ನಿಯಮವನ್ನು ಕದಲಿಸುವುದು ಏನು

ಪಾಲಿಕೆ ತಾನಾಗಿ ಕುಳಿತು “ಈ ನೀತಿಗೆ ಹತ್ತು ವರ್ಷವಾಯಿತು, ಪರಿಶೀಲಿಸೋಣ” ಎನ್ನುವುದು ಅಪರೂಪ. ಕಾಯ್ದೆಯೇ ಗಡುವು ಹಾಕಿದ ಕಡೆ ಮಾತ್ರ ಹಾಗಾಗುತ್ತದೆ. ಅಲ್ಲೂ ಗಡುವು ಜಾರುವುದುಂಟು. 2010ರಲ್ಲಿ ಬಂದ ಬಂಡವಾಳ ಮೌಲ್ಯ ಆಧಾರಿತ ಆಸ್ತಿ ತೆರಿಗೆಯ ಮೌಲ್ಯವನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. 2015ರಲ್ಲಿ ಪರಿಷ್ಕರಣೆಯಾಯಿತು, 2020ರದ್ದು ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು. ತೆರಿಗೆ ಲೆಕ್ಕ ಹಾಕುವ ಕೆಲವು ನಿಯಮಗಳನ್ನು 2019ರಲ್ಲಿ ಬಾಂಬೆ ಹೈಕೋರ್ಟು ರದ್ದು ಮಾಡಿತು, 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಕೋರ್ಟಿನ ಬಿಸಿ ನಮ್ಮ ಹೊಟೇಲಿನವರಿಗೂ ತಟ್ಟಿದೆ. ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬೇಕರಿ ಮತ್ತು ತಂದೂರುಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಸ್ವಚ್ಛ ಇಂಧನಕ್ಕೋ ಬದಲಾಗಬೇಕು ಎಂದು ಹೈಕೋರ್ಟು 2025ರ ಜನವರಿ 9ರಂದು ಆದೇಶಿಸಿತು. ಪಾಲಿಕೆಯ ನೋಟಿಸುಗಳು ಅದರ ಬೆನ್ನಿಗೇ ಹೊರಟವು. ಹೀಗೆ ಕೋರ್ಟಿನಿಂದ ಬಂದ ಬದಲಾವಣೆಯಲ್ಲಿ ವಾರ್ಡ್ ಆಫೀಸಿನ ಅಧಿಕಾರಿಯೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ, ಅವರ ಕೈ ಕಟ್ಟಿರುತ್ತದೆ. ಕಾಲಾವಕಾಶ ಬೇಕಿದ್ದರೆ ಸಂಘದ ಮೂಲಕ ಕೋರ್ಟಿಗೇ ಹೋಗಬೇಕು.

ಎಲ್ಲಕ್ಕಿಂತ ಜೋರಾಗಿ ನೀತಿಯನ್ನು ಅಲುಗಾಡಿಸುವುದು ದುರಂತ. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದು ನಿಜ. 2024ರ ಮೇ 13ರ ಸಂಜೆ ಘಾಟ್‌ಕೋಪರಿನ ಛೇಡಾನಗರದಲ್ಲಿ ಬಿರುಗಾಳಿಗೆ ದೈತ್ಯ ಹೋರ್ಡಿಂಗೊಂದು ಪೆಟ್ರೋಲ್ ಪಂಪಿನ ಮೇಲೆ ಕುಸಿದು 17 ಜನ ಸತ್ತರು. ಪಾಲಿಕೆಯ ನಿಯಮದಲ್ಲಿ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದದ್ದು 120 ಅಡಿಗೆ 120 ಅಡಿ. ಅಂದರೆ ನಿಯಮ ಆಗಲೂ ಇತ್ತು. ಆ ಜಾಗ ರೈಲ್ವೆ ಪೊಲೀಸರ ವಶದಲ್ಲಿತ್ತು, ಪಾಲಿಕೆಯ ಅನುಮತಿ ಅಲ್ಲಿಗೆ ಬೇಕೇ ಬೇಡವೇ ಎಂಬ ಜಗ್ಗಾಟದ ನಡುವೆ ಹೋರ್ಡಿಂಗು ಎದ್ದು ನಿಂತಿತ್ತು. ಅದೇ ಆಗಸ್ಟಿನಲ್ಲಿ ಪಾಲಿಕೆ ಜಾಹೀರಾತು ನೀತಿಯ ಹೊಸ ಕರಡು ಪ್ರಕಟಿಸಿ ಸಲಹೆ ಕೇಳಿತು. ಅಂತಿಮ ಮಾರ್ಗಸೂಚಿ ಬಂದದ್ದು 2025ರ ನವೆಂಬರಿನಲ್ಲಿ. ದುರಂತದಿಂದ ಅಂತಿಮ ನಿಯಮದವರೆಗೆ ಒಂದೂವರೆ ವರ್ಷ. ಇಷ್ಟು ತುರ್ತಿನ ವಿಷಯಕ್ಕೇ ಇಷ್ಟು ಕಾಲ ಹಿಡಿದಿರುವಾಗ, ಗಟಾರ, ಫುಟ್‌ಪಾತು, ಪಾರ್ಕಿಂಗಿನಂಥ ಸಾಧಾರಣ ವಿಷಯದಲ್ಲಿ ಬದಲಾವಣೆ ಕೇಳುವವರಿಗೆ ವರ್ಷಗಳ ತಾಳ್ಮೆ ಬೇಕು.

ಒಂದು ಕರಡನ್ನು ಜನ ವಾಪಸು ಕಳಿಸಿದ ಕತೆ

“ನಾವು ಬರೆದರೆ ಯಾರು ಓದುತ್ತಾರೆ?” ಎಂಬ ಪ್ರಶ್ನೆಗೆ ನನ್ನ ಬಳಿ ಇರುವ ಗಟ್ಟಿ ಉತ್ತರ ಮುಂಬಯಿಯ ಅಭಿವೃದ್ಧಿ ಯೋಜನೆ. ಯಾವ ಜಾಗದಲ್ಲಿ ಮೈದಾನ, ಎಲ್ಲಿ ಶಾಲೆ, ಎಲ್ಲಿ ರಸ್ತೆ, ಎಷ್ಟು ಮಹಡಿ ಎಂಬುದನ್ನು ಇಪ್ಪತ್ತು ವರ್ಷಕ್ಕೆ ನಿಶ್ಚಯಿಸುವ ದಾಖಲೆ ಅದು. ಪಾಲಿಕೆಯ ಉಳಿದೆಲ್ಲ ನೀತಿಗಿಂತ ಇದು ನಮ್ಮ ಬದುಕಿನ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ, ಓದುವವರು ಮಾತ್ರ ಕಡಿಮೆ.

2034ರವರೆಗಿನ ಯೋಜನೆಯ ಕರಡು 2015ರ ಫೆಬ್ರವರಿಯಲ್ಲಿ ಹೊರಬಂತು. ಜನ ನಕ್ಷೆ ಬಿಡಿಸಿ ನೋಡಿದರೆ ತಪ್ಪುಗಳ ರಾಶಿ. ಇರುವ ಕಟ್ಟಡಗಳ ಮೇಲೆಯೇ ರಸ್ತೆ ಎಳೆದಿತ್ತು, ಪಾರಂಪರಿಕ ಕಟ್ಟಡಗಳ ಗುರುತು ತಪ್ಪಿತ್ತು. 60 ಸಾವಿರಕ್ಕೂ ಹೆಚ್ಚು ಆಕ್ಷೇಪ, ಸಲಹೆಗಳು ಬಂದು ಬಿದ್ದವು. ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಏಪ್ರಿಲಿನಲ್ಲಿ ಆ ಕರಡನ್ನೇ ಬದಿಗಿಟ್ಟು ಹೊಸದಾಗಿ ಮಾಡಲು ಹೇಳಿದರು. ನಿವೃತ್ತ ಐಎಎಸ್ ಅಧಿಕಾರಿ ರಾಮನಾಥ ಝಾ ಅವರಿಗೆ ಪರಿಷ್ಕರಣೆಯ ಹೊಣೆ ಬಂತು. 2016ರ ಮೇ 27ರಂದು ಎರಡನೆಯ ಕರಡು ಪ್ರಕಟವಾಯಿತು. ಅದಕ್ಕೂ ಆಕ್ಷೇಪಗಳ ಮಳೆ. ಆಕ್ಷೇಪಿಸಿದವರನ್ನು ಯೋಜನಾ ಸಮಿತಿ ಕರೆದು ಅಹವಾಲು ಕೇಳಿತು. ಪಾಲಿಕೆಯ ಸಭಾಗೃಹ 2017ರ ಜುಲೈ 31ರಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ರಾಜ್ಯದ ಮಂಜೂರಾತಿ 2018ರ ಮೇ 8ಕ್ಕೆ ಬಂದು, ಸೆಪ್ಟೆಂಬರ್ 1ರಿಂದ ಜಾರಿ.

ಬರೆದವರೆಲ್ಲರ ಮಾತೂ ನಡೆಯಿತು ಎಂದಲ್ಲ. ಬಿಲ್ಡರುಗಳ ಅರ್ಜಿಗಳೂ ಆ ರಾಶಿಯಲ್ಲಿದ್ದವು, ಅವರದ್ದು ಹೆಚ್ಚು ನಡೆಯಿತು ಎನ್ನುವವರೂ ಇದ್ದಾರೆ. ಆದರೂ ಒಂದು ಮಹಾನಗರದ ಪೂರ್ತಿ ಯೋಜನೆಯನ್ನು ಹಿಂದಕ್ಕೆ ಕಳಿಸಿದ್ದರಲ್ಲಿ ಗಡುವಿನೊಳಗೆ ಹೋದ ಕಾಗದಗಳ ಪಾಲು ದೊಡ್ಡದು. ಯೋಜನೆ ಜಾರಿಯಾದ ಮೇಲೂ ಬಾಗಿಲು ಪೂರಾ ಮುಚ್ಚುವುದಿಲ್ಲ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನೆ ಕಾಯ್ದೆಯ 37ನೆಯ ಕಲಮಿನಡಿ ಚಿಕ್ಕಪುಟ್ಟ ಬದಲಾವಣೆಗಳು ಬರುತ್ತಲೇ ಇರುತ್ತವೆ. ಪಾಲಿಕೆ ಹಾಗೆ ಬದಲಿಸಹೊರಟಾಗ ಸೂಚನೆ ಪ್ರಕಟಿಸಿ ಒಂದು ತಿಂಗಳ ಅವಕಾಶ ಕೊಡಬೇಕು. ನಿಮ್ಮ ಓಣಿಯ ಮೈದಾನದ ಮೀಸಲಾತಿ ಹೋಗುವುದು ಇಂಥ ನಾಲ್ಕು ಸಾಲಿನ ಸೂಚನೆಯಲ್ಲೇ.

ಆಂಟಾಪ್ ಹಿಲ್‌ನಲ್ಲಿ ಮೊದಲ ಪ್ರಶ್ನೆ: ನೆಲ ಯಾರದು?

ಆಂಟಾಪ್ ಹಿಲ್ ಬರುವುದು ಪಾಲಿಕೆಯ ಎಫ್ ನಾರ್ತ್ ವಾರ್ಡಿನಲ್ಲಿ. ವಾರ್ಡ್ ಆಫೀಸು ಇರುವುದು ಮಾಟುಂಗಾ ಪೂರ್ವದ ಭಾವು ದಾಜಿ ರಸ್ತೆಯಲ್ಲಿ. ಆದರೆ ಈ ವಾರ್ಡಿನ ಎಲ್ಲ ನೆಲಕ್ಕೂ ಪಾಲಿಕೆಯೇ ಯಜಮಾನನಲ್ಲ. ನಿಯಮ ಬದಲಿಸಿ ಎಂದು ಅರ್ಜಿ ಬರೆಯುವ ಮೊದಲು ಇದನ್ನು ತಿಳಿದುಕೊಳ್ಳದೆ ಹೋದರೆ ಕಾಗದ ಆಫೀಸಿನಿಂದ ಆಫೀಸಿಗೆ ಅಲೆಯುತ್ತದೆ.

ಸಿಜಿಎಸ್ ಕಾಲನಿ ಕೇಂದ್ರ ಸರಕಾರಿ ನೌಕರರ ವಸತಿ. ಅಲ್ಲಿನ ಕಟ್ಟಡ, ಒಳರಸ್ತೆಗಳ ದುರಸ್ತಿ ಕೇಂದ್ರದ ಇಲಾಖೆಗಳಿಗೆ ಸೇರಿದ್ದು. ಕೊರ್ಬಾ ಮೀಠಾಗರದ ಹೆಸರೇ ಹೇಳುವಂತೆ ಆ ಕಡೆ ಒಂದು ಕಾಲದಲ್ಲಿ ಉಪ್ಪಿನ ಗದ್ದೆಗಳಿದ್ದವು. ಉಪ್ಪಿನಾಗರದ ಭೂಮಿಯ ವಿಷಯ ಬಂದರೆ ಕೇಂದ್ರ ಸರಕಾರದ ಮಾತು ಅಡ್ಡ ಬರುತ್ತದೆ. ವಡಾಲಾ ಟ್ರಕ್ ಟರ್ಮಿನಲ್ ಸುತ್ತಲಿನ ಅಧಿಸೂಚಿತ ಪ್ರದೇಶಕ್ಕೆ ಯೋಜನಾ ಪ್ರಾಧಿಕಾರ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಎಂಆರ್‌ಡಿಎ. ಪೂರ್ವದಂಚಿನ ಬಂದರು ಭೂಮಿ ಮುಂಬಯಿ ಬಂದರು ಪ್ರಾಧಿಕಾರದ್ದು. ಪ್ರತೀಕ್ಷಾ ನಗರದ ಮನೆಗಳು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದವು. ಝೋಪಡಪಟ್ಟಿ ಪುನರ್ವಸತಿ ಕಟ್ಟಡಗಳ ಅನುಮತಿ ಎಸ್‌ಆರ್‌ಎ ಕೈಯಲ್ಲಿ. ಆಂಟಾಪ್ ಹಿಲ್ ನಿಲ್ದಾಣದ ಮೊನೊರೈಲು ಎಂಎಂಆರ್‌ಡಿಎ ಕಟ್ಟಿದ್ದು.

ಹಾಗಾದರೆ ಪಾಲಿಕೆಯ ಪಾಲಿಗೆ ಉಳಿದದ್ದೇನು? ಸಾಕಷ್ಟಿದೆ. ನೀರು, ಕಸ, ಸಾರ್ವಜನಿಕ ರಸ್ತೆ, ಮಳೆನೀರಿನ ಚರಂಡಿ, ಆರೋಗ್ಯ ಕೇಂದ್ರ, ಪ್ರಾಥಮಿಕ ಶಾಲೆ, ಹೊಟೇಲು ಮತ್ತು ಅಂಗಡಿ ಲೈಸೆನ್ಸು, ಬೀದಿ ವ್ಯಾಪಾರ, ಉದ್ಯಾನ. ಹೊಟೇಲಿನ ಲೈಸೆನ್ಸು ಪಾಲಿಕೆ ಕಾಯ್ದೆಯ 394ನೆಯ ಕಲಮಿನಡಿ ಬರುವಂಥದ್ದು. ಬೀದಿ ವ್ಯಾಪಾರಿಗಳ ವಿಷಯದಲ್ಲಿ ಮಾತ್ರ 2014ರ ಕೇಂದ್ರ ಕಾಯ್ದೆ ನಗರ ಮಾರಾಟ ಸಮಿತಿ ಎಂಬ ಬೇರೆಯೇ ವೇದಿಕೆಯನ್ನು ಮಾಡಿದೆ. ಆ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಕೂರಬೇಕು.

ಒಳಗಿನ ನಡಿಗೆ

ಪಾಲಿಕೆಯಲ್ಲಿ 227 ನಗರಸೇವಕರು. ಅವರೊಬ್ಬರಿಂದಲೂ ನಿಯಮ ಬದಲಾಗಿಬಿಡುವುದಿಲ್ಲ, ಆದರೆ ವಿಷಯವನ್ನು ಸಭಾಗೃಹದ ಮುಂದೆ ಇಡುವವರು ಅವರೇ. ನಗರಸೇವಕ ಠರಾವಿನ ಸೂಚನೆ ಕೊಡುತ್ತಾರೆ, ಸಭಾಗೃಹ ಒಪ್ಪಿದರೆ ಅದು ಆಯುಕ್ತರ ಅಭಿಪ್ರಾಯಕ್ಕೆ ಹೋಗುತ್ತದೆ, ಇಲಾಖೆ ತನ್ನ ಟಿಪ್ಪಣಿ ಬರೆಯುತ್ತದೆ. ಎಷ್ಟೋ ಒಳ್ಳೆಯ ಸೂಚನೆಗಳು ಈ ಟಿಪ್ಪಣಿಯ ಹಂತದಲ್ಲೇ ಮಲಗುತ್ತವೆ. ಆಯುಕ್ತರು ರಾಜ್ಯ ಸರಕಾರ ನೇಮಿಸುವ ಐಎಎಸ್ ಅಧಿಕಾರಿ. ಮೇಯರರಿಗೆ ಮೆರವಣಿಗೆ, ಆಯುಕ್ತರಿಗೆ ಅಧಿಕಾರ ಎಂಬುದು ಮುಂಬಯಿಯಲ್ಲಿ ಬ್ರಿಟಿಷರ ಕಾಲದಿಂದ ಬಂದ ಏರ್ಪಾಡು.

ದುಡ್ಡಿನ ವಿಷಯಕ್ಕೆ ಸ್ಥಾಯಿ ಸಮಿತಿ, ಶಾಲೆಗಳಿಗೆ ಶಿಕ್ಷಣ ಸಮಿತಿ, ಬಸ್ಸಿಗೆ ಬೆಸ್ಟ್ ಸಮಿತಿ. ಇವುಗಳ ಕೆಳಗೆ ಪ್ರಭಾಗ ಸಮಿತಿಗಳು, ಅಂದರೆ ವಾರ್ಡ್ ಸಮಿತಿಗಳು. ಎಫ್ ನಾರ್ತ್ ಮತ್ತು ಎಫ್ ಸೌತ್ ವಾರ್ಡುಗಳಿಗೆ ಸೇರಿ ಒಂದು ಪ್ರಭಾಗ ಸಮಿತಿ ಇರುತ್ತದೆ. 74ನೆಯ ಸಂವಿಧಾನ ತಿದ್ದುಪಡಿಯ ನಂತರ ಬಂದ ಈ ಸಮಿತಿಗಳಿಗೆ ನಾಗರಿಕ ಸಂಸ್ಥೆಗಳ ಪ್ರತಿನಿಧಿಗಳನ್ನೂ ನೇಮಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ಕನ್ನಡ ಸಂಘಗಳು ಈ ಸ್ಥಾನ ಕೇಳಬಾರದೇಕೆ? ವರ್ಷಕ್ಕೆ ಮೂರು ಸನ್ಮಾನ ಸಮಾರಂಭ ಮಾಡುವ ಹುರುಪಿನಲ್ಲಿ ಕಾಲು ಭಾಗ ಇದಕ್ಕೆ ಸಾಕು.

ಹಾಗೆ ನೋಡಿದರೆ ಕರಾವಳಿಯವರೊಬ್ಬರು ಇದೇ ಸಭಾಗೃಹದಿಂದ ದೊಡ್ಡ ರಾಜಕೀಯಕ್ಕೆ ಏರಿದ್ದುಂಟು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1961ರಲ್ಲಿ ಪಾಲಿಕೆಗೆ ಆರಿಸಿಬಂದು 1968ರವರೆಗೆ ಸದಸ್ಯರಾಗಿದ್ದರು. 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದದ್ದು ಅದರ ನಡುವಿನಲ್ಲೇ.

ಈಚಿನ ವರ್ಷಗಳಲ್ಲಿ ಸಭಾಗೃಹ, ಸಮಿತಿಗಳ ಈ ಏರ್ಪಾಡು ಅರ್ಧ ನಿಂತೇ ಹೋಗಿತ್ತು. 2017ರಲ್ಲಿ ಆರಿಸಿಬಂದ ಪಾಲಿಕೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ಮರುದಿನದಿಂದ ಆಯುಕ್ತರೇ ಪ್ರಶಾಸಕರು. ಪ್ರಸ್ತಾವ ಕಳಿಸುವವರೂ ಅವರೇ, ಸಭಾಗೃಹದ ಪರವಾಗಿ ಮಂಜೂರು ಮಾಡುವವರೂ ಅವರೇ. ಕಸದ ಶುಲ್ಕದ ಕರಡು, ಜಾಹೀರಾತು ನೀತಿ, 2025-26ರ 74,427 ಕೋಟಿ ರೂಪಾಯಿಯ ಬಜೆಟ್, ಎಲ್ಲವೂ ಈ ಅವಧಿಯವು. ಇಷ್ಟು ದೊಡ್ಡ ನಗರವನ್ನು ಸುಮಾರು ನಾಲ್ಕು ವರ್ಷ ಜನಪ್ರತಿನಿಧಿಗಳಿಲ್ಲದೆ ನಡೆಸಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆ ಅವಧಿಯಲ್ಲಿ ಸಾಮಾನ್ಯನಿಗೆ ಉಳಿದಿದ್ದ ಒಂದೇ ಅಧಿಕೃತ ಕಿಂಡಿ ಸಲಹೆ-ಆಕ್ಷೇಪದ ಸಾರ್ವಜನಿಕ ಸೂಚನೆ. ಕಡೆಗೆ 2026ರ ಜನವರಿ 15ರಂದು ಮತದಾನ ನಡೆದು ನಗರಸೇವಕರು ಮತ್ತೆ ಬಂದರು. ಈಗ ಕಿಂಡಿ ಎರಡಾಗಿವೆ. ಎರಡನ್ನೂ ಬಳಸಿ.

ಬರೆಯುವುದು ಹೇಗೆ

ಸೂಚನೆಗಳು ಪಾಲಿಕೆಯ ಜಾಲತಾಣದಲ್ಲೂ ಮರಾಠಿ, ಇಂಗ್ಲಿಷ್ ಪತ್ರಿಕೆಗಳಲ್ಲೂ ಬರುತ್ತವೆ. ಮನೆಗೆ ಕನ್ನಡ ಪತ್ರಿಕೆಯೊಂದನ್ನೇ ತರಿಸುವವರಿಗೆ ವಿಷಯ ತಲುಪುವುದು ತಡ. ಆದ್ದರಿಂದ ಸೊಸೈಟಿಯಲ್ಲಿ ಒಬ್ಬರಾದರೂ ವಾರಕ್ಕೊಮ್ಮೆ ಜಾಲತಾಣ ನೋಡುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ಶೀರ್ಷಿಕೆಯಲ್ಲಿ “ಮಸುದಾ”, “ಉಪವಿಧಿ”, “ಧೋರಣ”, “ಹರಕತೀ ವ ಸೂಚನಾ” ಎಂಬ ಮಾತು ಕಂಡರೆ ನಿಲ್ಲಿ. ಹರಕತೀ ವ ಸೂಚನಾ ಎಂದರೆ ಆಕ್ಷೇಪ ಮತ್ತು ಸಲಹೆ. ಅದರ ಪಕ್ಕದಲ್ಲೇ ಕೊನೆಯ ತಾರೀಖು, ಕಳಿಸಬೇಕಾದ ವಿಳಾಸ ಇರುತ್ತದೆ.

ಮೂಲ ಕರಡನ್ನೇ ಓದಿ, ವಾಟ್ಸಾಪಿನಲ್ಲಿ ಬಂದ ಸಾರಾಂಶ ನಂಬಬೇಡಿ. ಪೂರ್ತಿ ಓದುವ ಅಗತ್ಯವಿಲ್ಲ. ನಿಮಗೆ ತಾಗುವ ಕಲಮು ಒಂದೋ ಎರಡೋ ಇರುತ್ತವೆ. ಅವುಗಳ ಸಂಖ್ಯೆ ಬರೆದುಕೊಳ್ಳಿ. ಅಧಿಕಾರಿಗಳು ಆಕ್ಷೇಪಗಳನ್ನು ಕಲಮುವಾರು ವಿಂಗಡಿಸುತ್ತಾರೆ. ಸಂಖ್ಯೆಯಿಲ್ಲದ ಪತ್ರ “ಸಾಮಾನ್ಯ ವಿರೋಧ” ಎಂಬ ಕಟ್ಟಿಗೆ ಹೋಗುತ್ತದೆ, ಅಲ್ಲಿಗೆ ಹೋದದ್ದು ಅಲ್ಲೇ ಉಳಿಯುತ್ತದೆ.

ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ. “ಈ ಶುಲ್ಕ ಅನ್ಯಾಯ, ಕೂಡಲೇ ರದ್ದು ಮಾಡಿ” ಎನ್ನುವುದಕ್ಕಿಂತ ಬದಲಿ ವಾಕ್ಯವನ್ನೇ ಬರೆದುಕೊಟ್ಟರೆ ಕೆಲಸ ಸುಲಭ. ಕಸದ ಉಪವಿಧಿಯ ಮಾದರಿ ಹೀಗಿರಬಹುದು:

“ಕರಡು ಉಪವಿಧಿಯ ಇಂತಿಷ್ಟನೆಯ ಕಲಮಿನ ಕುರಿತು. ನಾವು ಆಂಟಾಪ್ ಹಿಲ್‌ನ ಇಂಥ ಸಹಕಾರಿ ಸೊಸೈಟಿಯವರು. ನಮ್ಮ ಎಲ್ಲ ಮನೆಗಳೂ 50 ಚದರ ಮೀಟರಿನೊಳಗಿವೆ. ಹಸಿ ಕಸವನ್ನು ಆವರಣದಲ್ಲೇ ಗೊಬ್ಬರ ಮಾಡುತ್ತೇವೆ, ಪಾಲಿಕೆಯ ಗಾಡಿಗೆ ಒಣ ಕಸ ಮಾತ್ರ ಕೊಡುತ್ತೇವೆ. ಆದ್ದರಿಂದ ಈ ಕಲಮಿನ ಕೊನೆಗೆ ‘ಹಸಿ ಕಸವನ್ನು ಆವರಣದಲ್ಲೇ ಸಂಸ್ಕರಿಸುವ ಸೊಸೈಟಿಗಳಿಗೆ ಶುಲ್ಕದಲ್ಲಿ ಅರ್ಧ ವಿನಾಯಿತಿ’ ಎಂಬ ಮಾತು ಸೇರಿಸಬೇಕು.”

ಇಷ್ಟೇ ಸಾಕು. ಕೆಳಗೆ ಸಹಿ, ವಿಳಾಸ, ತಾರೀಖು. ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಠರಾವಿನೊಂದಿಗೆ ಹೋದರೆ ತೂಕ ಹೆಚ್ಚು. ಒಂದೇ ಪತ್ರಕ್ಕೆ ಐನೂರು ಝೆರಾಕ್ಸ್ ಮಾಡಿ ಹೆಸರು ಬದಲಿಸಿ ಕಳಿಸುವವರಿದ್ದಾರೆ. ಎಣಿಕೆಯಲ್ಲಿ ಅದು ದೊಡ್ಡದಾಗಿ ಕಾಣುತ್ತದೆ, ವಿಚಾರಣೆಯಲ್ಲಿ ಒಂದೇ ಅಂಶವಾಗಿ ಮುಗಿಯುತ್ತದೆ. ಅದರ ಬದಲು ಐದು ಸೊಸೈಟಿಗಳು ತಮ್ಮ ತಮ್ಮ ಅನುಭವದಿಂದ ಐದು ಬೇರೆ ಪತ್ರ ಬರೆಯಲಿ. ಈಮೇಲ್ ಮಾಡಿದರೂ ಒಂದು ಪ್ರತಿಯನ್ನು ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆವಕ ವಿಭಾಗದ ಶಿಕ್ಕಾ ಮತ್ತು ತಾರೀಖು ಹಾಕಿಸಿಕೊಳ್ಳಿ. ಮುಂದೆ ಅಹವಾಲಿಗೆ ಕರೆಯದೆ ಇದ್ದರೆ ಜಗಳಾಡಲು ಆ ಶಿಕ್ಕಾ ಬೇಕು.

ಭಾಷೆಯ ಮಾತು. ಸ್ಥಳೀಯ ಸಂಸ್ಥೆಗಳ ಕಾರುಭಾರ ಮರಾಠಿಯಲ್ಲೇ ನಡೆಯಬೇಕೆಂದು ಮಹಾರಾಷ್ಟ್ರ 2022ರಲ್ಲಿ ಕಾನೂನು ಮಾಡಿದೆ. ಮರಾಠಿಯಲ್ಲಿ ಬರೆದರೆ ಪತ್ರ ಬೇಗ ಸಾಗುತ್ತದೆ, ಇಂಗ್ಲಿಷಿನಲ್ಲೂ ಬರೆಯಬಹುದು. ಮುಂಬಯಿಯಲ್ಲೇ ಓದಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ನೀರು ಕುಡಿದಷ್ಟು ಸುಲಭ. ಅಜ್ಜ-ಅಜ್ಜಿ ಕನ್ನಡದಲ್ಲಿ ಹೇಳಲಿ, ಮೊಮ್ಮಕ್ಕಳು ಮರಾಠಿಯಲ್ಲಿ ಬರೆಯಲಿ.

ಈಗಿರುವ ನಿಯಮವೇ ಗೊತ್ತಿಲ್ಲದಿದ್ದರೆ

ಹಳೆಯ ನೀತಿಯ ಪ್ರತಿ ಸಿಗುವುದೇ ಕಷ್ಟ. ಇಲ್ಲಿ ಮಾಹಿತಿ ಹಕ್ಕು ಕಾಯ್ದೆ ನೆರವಿಗೆ ಬರುತ್ತದೆ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಬರದಿದ್ದರೆ 30 ದಿನದೊಳಗೆ ಮೊದಲ ಅಪೀಲು, ಅದೂ ಫಲಿಸದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಆದರೆ “ಏಕೆ ಹೀಗೆ ಮಾಡಿದಿರಿ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಾಗದ ಕೇಳಿ: ಜಾರಿಯಲ್ಲಿರುವ ನೀತಿಯ ಪ್ರತಿ, ಕೊನೆಯ ತಿದ್ದುಪಡಿಯ ಠರಾವಿನ ಸಂಖ್ಯೆ ಮತ್ತು ತಾರೀಖು, ಬಂದ ಆಕ್ಷೇಪಗಳ ಪಟ್ಟಿ, ಅವುಗಳ ಮೇಲೆ ಇಲಾಖೆ ಬರೆದ ಟಿಪ್ಪಣಿ. ಈ ಟಿಪ್ಪಣಿ ಕೈಗೆ ಬಂದರೆ ನಿಮ್ಮ ಸಲಹೆ ಎಲ್ಲಿ ಬಿದ್ದುಹೋಯಿತು ಎಂಬುದು ಗೊತ್ತಾಗುತ್ತದೆ.

ಗುಂಡಿ ಬಿದ್ದ ರಸ್ತೆ, ತುಂಬಿದ ಗಟಾರ, ಬಾರದ ನೀರು ಇವಕ್ಕೆಲ್ಲ ನೀತಿ ಬದಲಾಗಬೇಕಿಲ್ಲ, 1916ಕ್ಕೆ ಫೋನು ಮಾಡಿ ದೂರು ಸಂಖ್ಯೆ ಪಡೆಯಿರಿ. ಒಂದೇ ದೂರು ಮೂರು ಮಳೆಗಾಲ ಮರುಕಳಿಸಿದರೆ ಆಗ ಅದು ನೀತಿಯ ಪ್ರಶ್ನೆ. ಆ ದೂರು ಸಂಖ್ಯೆಗಳೇ ನಿಮ್ಮ ಮನವಿಯ ಸಾಕ್ಷಿ.

ಬಜೆಟ್ಟಿನ ಕಾಲ ಮತ್ತು ಕನ್ನಡ ಶಾಲೆ

ಕರಡೇ ಇಲ್ಲದೆ ಬದಲಾಗುವ ನೀತಿಗಳೂ ಇವೆ, ಅವು ಬಜೆಟ್ಟಿನಲ್ಲಿ ಬದಲಾಗುತ್ತವೆ. ಯಾವುದಕ್ಕೆ ದುಡ್ಡಿಟ್ಟರೋ ಅದು ಬದುಕಿತು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಇದಕ್ಕೆ ಪಾಲಿಕೆಯೊಂದನ್ನೇ ದೂರುವುದು ಸರಿಯಲ್ಲ, ಮಕ್ಕಳನ್ನು ಕಳಿಸದವರು ನಾವೇ. ಆದರೂ ಖಾಲಿ ಶಿಕ್ಷಕ ಹುದ್ದೆ, ಕನ್ನಡ ಪುಸ್ತಕ, ತರಗತಿಗಳ ವಿಲೀನದ ಬಗ್ಗೆ ಹೇಳುವುದಿದ್ದರೆ ಅದಕ್ಕೆ ಜಾಗ ಶಿಕ್ಷಣ ಸಮಿತಿ, ಕಾಲ ಬಜೆಟ್ಟಿಗೆ ಮುಂಚೆ. ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಈಚಿನ ವರ್ಷಗಳಲ್ಲಿ ಪಾಲಿಕೆ ಅದಕ್ಕೆ ಮೊದಲು ನಾಗರಿಕರಿಂದ ಸಲಹೆ ಕೇಳುತ್ತಿದೆ. ಇಲಾಖೆಗಳು ತಮ್ಮ ಅಂದಾಜು ಸಿದ್ಧಪಡಿಸುವುದು ಅದಕ್ಕೂ ಮುಂಚೆ, ಆದ್ದರಿಂದ ದೀಪಾವಳಿ ಮುಗಿದ ಕೂಡಲೇ ಬರೆದರೆ ಒಳ್ಳೆಯದು.

ಎಫ್ ನಾರ್ತ್ ವಾರ್ಡ್ ಆಫೀಸು ಇರುವ ಭಾವು ದಾಜಿ ರಸ್ತೆಯಲ್ಲೇ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೆ. ಮಾಟುಂಗಾ ಸ್ಟೇಷನ್ನಿನ ಪಶ್ಚಿಮಕ್ಕೆ 1933ರ ಕರ್ನಾಟಕ ಸಂಘವಿದೆ. ನಾಟಕ, ಉಪನ್ಯಾಸ, ಯಕ್ಷಗಾನಗಳ ನಡುವೆ ತಿಂಗಳಿಗೊಂದು ಸಂಜೆಯನ್ನು ಪಾಲಿಕೆಯ ಸೂಚನೆಗಳನ್ನು ಓದಿ ಹೇಳಲು, ಅರ್ಜಿ ಬರೆದುಕೊಡಲು ಮೀಸಲಿಡಿ ಎಂದು ಇಲ್ಲಿನ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಮರಾಠಿ ಬಲ್ಲ ಇಬ್ಬರು ಯುವಕರು, ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು ಇದ್ದರೆ ಈ ತಿಂಗಳೇ ಆರಂಭಿಸಬಹುದು.